ತೇಲಿದ ಹನ್ನೊಂದು ಮೊಟ್ಟೆ

ನಮ್ಮ ಮನೆಯಲ್ಲಿ ಯಾವ ಮೊಟ್ಟೆಯನ್ನೂ ನೀರಿಗೆ ಹಾಕಿ ನೋಡದೆ ಒಲೆಯ ಹತ್ತಿರ ತರುತ್ತಿರಲಿಲ್ಲ. ಹೆಬಳೆ ಊರಿನ ಆ ಮನೆಯ ಹಿಂದಿನ ಜಗಲಿಯಲ್ಲಿ, ಬಾವಿಗೆ ಹೋಗುವ ಬಾಗಿಲ ಪಕ್ಕ, ಅಗಲ ಬಾಯಿಯ ಒಂದು ಮಣ್ಣಿನ ಮಡಕೆ ಇತ್ತು. ಅದರ ಅಂಚು ಒಂದು ಕಡೆ ಒಡೆದಿದ್ದರಿಂದ ಅನ್ನಕ್ಕೂ ಸಾರಿಗೂ ಬಾರದೆ ಮೊಟ್ಟೆಯ ಕೆಲಸಕ್ಕೆ ಉಳಿದಿತ್ತು. ಬಾವಿಯ ನೀರು ತುಂಬಿ, ಅಲೆ ನಿಲ್ಲುವವರೆಗೆ ಕಾದು, ಮೊಟ್ಟೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಬಿಡಬೇಕು. ತಳಕ್ಕೆ ಹೋಗಿ ಅಡ್ಡ ಮಲಗಿದರೆ ಹೊಸತು. ತಳದಲ್ಲೇ ಇದ್ದು ತುದಿಯ ಮೇಲೆ ನಿಂತರೆ ಹಳತಾಗುತ್ತ ಬಂದದ್ದು, ಇವತ್ತು ತಿನ್ನಬಹುದು, ಇನ್ನು ಇಡುವ ಹಾಗಿಲ್ಲ. ಮೇಲೆ ತೇಲಿದರೆ ಗೊಬ್ಬರಗುಂಡಿಗೆ. ದಿನ ಕಳೆದ ಹಾಗೆ ಒಳಗಿನ ನೀರು ಆರುತ್ತದೆ, ಆರಿದಷ್ಟು ಜಾಗಕ್ಕೆ ಗಾಳಿ ಬಂದು ಕೂರುತ್ತದೆ, ಗಾಳಿ ಮೊಟ್ಟೆಯನ್ನು ಎತ್ತುತ್ತದೆ ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ಮಲಗಿದ ಮೊಟ್ಟೆಗಳನ್ನು ನಮ್ಮ ತಾಯಿ ಅವ್ವಿ ಉಮಿ ತುಂಬಿದ ಬುಟ್ಟಿಯಲ್ಲಿಟ್ಟು ಭಟ್ಕಳ ಪೇಟೆಯ ಮನೆಗಳಿಗೆ ಕೊಡುತ್ತಿದ್ದಳು. ನಿಂತವು ನಮಗೆ. ನಾನೂ ನನ್ನ ತಂಗಿ ಮಾಸ್ತಿಯೂ ಬೆಳೆದದ್ದು ನಿಂತ ಮೊಟ್ಟೆ ತಿಂದೇ. ಅಜ್ಜಿ ಅದನ್ನು ಬೇಯಿಸಿ ಎರಡು ಹೋಳು ಮಾಡಿ, ಕಾಯಿ ಮೆಣಸು ಅರೆದ ಗೊಜ್ಜಿಗೆ ಬಿಡುತ್ತಿದ್ದಳು. ನನಗೆ ಒಂದು ಹೋಳು, ಮಾಸ್ತಿಗೆ ಒಂದು ಹೋಳು. ಅವಳ ಹೋಳಿನಲ್ಲಿ ಹಳದಿ ಜಾಸ್ತಿ ಇದೆಯೆಂದು ನಾನು, ನನ್ನದರಲ್ಲಿ ಜಾಸ್ತಿ ಇದೆಯೆಂದು ಅವಳು, ದಿನವೂ ಜಗಳ.

“ಅಜ್ಜೀ, ಒಂದು ದಿನ ಆದ್ರೂ ಮಲಗಿದ ಮೊಟ್ಟೆ ಕೊಡೇ,” ಎಂದು ಮಾಸ್ತಿ ರಾಗ ಎಳೆಯುತ್ತಿದ್ದಳು.

“ಮಲಗಿದ್ದು ಪ್ಯಾಟೆಯವ್ರಿಗೆ. ಅವ್ರು ತಿಂದು ಮಧ್ಯಾಹ್ನ ಮಲಗ್ತ್ರು. ನೀನು ನಿಂತದ್ದು ತಿಂದು ಬಾವಿಕಟ್ಟೆಗೆ ಹೋಗು, ಕೊಡಪಾನ ಕಾಯ್ತಿತ್ತು.”

ನನ್ನ ಶಾಲೆ ಮೂರನೇ ಇಯತ್ತೆಗೆ ಮುಗಿಯಿತು. ಅಪ್ಪ ದೋಣಿಯಲ್ಲಿ ಬಿದ್ದು ಕಾಲು ಪೆಟ್ಟು ಮಾಡಿಕೊಂಡ ಮೇಲೆ ಅವ್ವಿ ಬೇರೆಯವರ ಗದ್ದೆಗೂ ಹೋಗಬೇಕಾಯಿತು. ಪೇಟೆಗೆ ಮೊಟ್ಟೆ ಒಯ್ಯುವ ಕೆಲಸ ನನಗೆ ಬಂತು. ಇದನ್ನು ನಾನು ದೂರು ಹೇಳಲು ಬರೆಯುತ್ತಿಲ್ಲ. ಆಗ ನನಗೆ ಅದು ಹೆಮ್ಮೆಯೇ ಆಗಿತ್ತು. ಮಡಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಇದು ಪೇಟೆಗೆ, ಇದು ಮನೆಗೆ, ಇದು ಗುಂಡಿಗೆ ಎಂದು ತೀರ್ಮಾನ ಮಾಡುವವಳು ನಾನು. ಅಕ್ಕಪಕ್ಕದ ಮನೆಯವರೂ ಸಂಶಯ ಬಂದರೆ ಮೊಟ್ಟೆ ಹಿಡಿದು ನನ್ನ ಹತ್ತಿರ ಬರುತ್ತಿದ್ದರು. ಮಾಸ್ತಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳು ಪಾಟಿ ಹಿಡಿದು ಶಾಲೆಗೆ ಹೋಗುವಾಗ ನಾನು ಬುಟ್ಟಿ ಹೊತ್ತು ಪೇಟೆಗೆ ಹೋಗುತ್ತಿದ್ದೆ. ರಸ್ತೆ ಕವಲೊಡೆಯುವಲ್ಲಿ ಅವಳು ತಿರುಗಿ ಕೈ ಬೀಸುತ್ತಿದ್ದಳು. ನಾನು ಬೀಸುತ್ತಿರಲಿಲ್ಲ. ತಲೆಯ ಮೇಲೆ ಬುಟ್ಟಿ ಇದೆಯಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ನೀರು ನೋಡುವುದು ನನ್ನದಾದರೆ, ಕಾವಿಗೆ ಮೊಟ್ಟೆ ಇಡುವುದು ಅಜ್ಜಿಯದು. ಹೇಂಟೆ ಕೋಳಿ ಗರಿ ಕೆದರಿ, ಗೂಡು ಬಿಟ್ಟೇಳದೆ ಗುರುಗುಟ್ಟತೊಡಗಿದರೆ ಅದು ಕಾವಿಗೆ ಬಂದ ಹಾಗೆ. ಆಗ ಅಜ್ಜಿ ಅರಿಶಿನ ನೀರಿನಲ್ಲಿ ಕೈ ತೊಳೆದು, ಉಮಿ ಹಾಸಿದ ಬುಟ್ಟಿಯಲ್ಲಿ ಹನ್ನೊಂದು ಮೊಟ್ಟೆ ಇಡುತ್ತಿದ್ದಳು. ಲೆಕ್ಕ ಬೆಸ ಇರಬೇಕು. ಗುಡುಗಿಗೆ ಮರಿ ಸಾಯಬಾರದೆಂದು ಉಮಿಯೊಳಗೆ ಒಂದು ಕಬ್ಬಿಣದ ಮೊಳೆ. ಇಡುವವರು ಇಟ್ಟು ಮುಗಿಸುವವರೆಗೆ ಮಾತಾಡಬಾರದು, ಉಳಿದವರೂ ಅವರನ್ನು ಮಾತಾಡಿಸಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು ಇಡುವವರ ಕೈಗುಣ. ಅಜ್ಜಿ ಇಟ್ಟ ಹನ್ನೊಂದರಲ್ಲಿ ಆರು ಏಳು ಮರಿ ಆಗುತ್ತಿದ್ದವು, ಒಮ್ಮೆ ಎಂಟು ಆಗಿದ್ದವು. ಆ ಎಂಟರ ಮಾತನ್ನು ಊರು ವರ್ಷಗಟ್ಟಲೆ ಆಡಿಕೊಂಡಿತ್ತು.

ನನಗೆ ಹದಿಮೂರು ತುಂಬಿದ ವರ್ಷ ಅಜ್ಜಿಯ ಕೈ ನಡುಗತೊಡಗಿತು. ಇನ್ನು ಹುಡುಗಿಯರಲ್ಲಿ ಒಬ್ಬರು ಇಡಲಿ ಎಂದಳು. ನಾನು ಆಗಲೇ ಅರಿಶಿನ ಕಲಸಲು ಎದ್ದಿದ್ದೆ.

“ಮಾಸ್ತಿ ಇಡ್ಲಿ,” ಎಂದಳು ಅಜ್ಜಿ. “ಅವಳು ಹಾಕಿದ ಸೌತೆ ಬೀಜ ಒಂದೂ ಸುಳ್ಳಾಗಲಿಲ್ಲ. ನಾಗೀ, ನೀ ನೀರು ನೋಡಿ ಆರಿಸಿ ಕೊಡು.”

ಆರಿಸಿ ಕೊಟ್ಟೆ. ಹನ್ನೊಂದೂ ತಳದಲ್ಲಿ ಅಡ್ಡ ಮಲಗಿದವು. ಮಾಸ್ತಿ ತುಟಿ ಬಿಗಿಹಿಡಿದು ಒಂದೊಂದನ್ನೇ ಇಟ್ಟಳು. ಮಾತಾಡಬಾರದೆಂದರೆ ಉಸಿರೂ ಆಡಬಾರದೆಂದು ತಿಳಿದಿದ್ದಳೋ ಏನೋ, ಕೊನೆಯ ಮೊಟ್ಟೆ ಇಡುವಾಗ ಮುಖವೆಲ್ಲ ಕೆಂಪಾಗಿತ್ತು. ಎಲ್ಲರೂ ನಕ್ಕರು. ಅಪ್ಪ ಕೂಡ, ಆ ಕಾಲು ನೋವಿನಲ್ಲೂ. ನಾನು ನಗಲಿಲ್ಲ. ಮಾರನೇ ದಿನದಿಂದ ಅವಳು ಶಾಲೆಗೆ ಹೊರಡುವ ಮೊದಲು ಗೋಡೆಯ ಮೇಲೆ ಇದ್ದಿಲಿನಿಂದ ಒಂದೊಂದು ಗೆರೆ ಎಳೆಯತೊಡಗಿದಳು. ಇಪ್ಪತ್ತೊಂದು ಗೆರೆಗೆ ಮರಿ.

ಹತ್ತೊಂಬತ್ತನೆಯ ಗೆರೆಯ ದಿನ ಪೇಟೆಯಲ್ಲಿ ನನಗೊಂದು ಅವಮಾನ ಆಯಿತು. ನಾವು ಮೊಟ್ಟೆ ಕೊಡುತ್ತಿದ್ದ ಮನೆಗಳಲ್ಲಿ ಒಂದು ಬೀಬಿಯ ಮನೆ. ಬಿಳಿ ಸುಣ್ಣದ ದೊಡ್ಡ ಜಗಲಿ, ಗಂಡಸರೆಲ್ಲ ದುಬೈಯಲ್ಲಿ. ಬೀಬಿ ಒಳ್ಳೆಯವರು. ನಾನು ಹೋದಾಗಲೆಲ್ಲ ಕೂತುಕೋ ಎಂದು ನೀರು ಬೆಲ್ಲ ಕೊಡುತ್ತಿದ್ದರು. ಅವರ ಮಗಳು ಆಗ ಬಾಣಂತಿ, ದಿನಕ್ಕೊಂದು ಊರ ಮೊಟ್ಟೆ ಅವಳಿಗೆ. ಅವತ್ತು ನಾನು ಜಗಲಿ ಹತ್ತುವ ಮೊದಲೇ ಬೀಬಿ ಹೊರಗೆ ಬಂದರು.

“ನಾಗೀ, ನಿನ್ನೆ ಒಂದು ಅಂಡಾ ಒಡೆದ್ರೆ ಮನೆಯೆಲ್ಲ ವಾಸನೆ. ಮಗಳು ಊಟ ಬಿಟ್ಟು ಎದ್ಲು. ನೀನು ನೋಡಿ ತರ್ತೀ ಅಂತ ನಾವು ನೋಡೂದಿಲ್ಲ ಅಲ್ವಾ?”

ಬೈದದ್ದಲ್ಲ, ಕೇಳಿದ್ದು. ಬೈದಿದ್ದರೆ ಚೆನ್ನಾಗಿತ್ತು. ಹಿಂದಿನ ದಿನ ಅವಸರದಲ್ಲಿ ಕೊನೆಯ ನಾಲ್ಕನ್ನು ನೀರಿಗೆ ಬಿಡದೆ ಬುಟ್ಟಿಗೆ ಹಾಕಿದ್ದು ನನಗೆ ನೆನಪಿತ್ತು. ಮನೆಗೆ ಬರುವ ದಾರಿಯುದ್ದಕ್ಕೂ ಮುಖ ಉರಿಯುತ್ತಿತ್ತು. ಮನೆಯಲ್ಲಿ ಅಪ್ಪ ಒಳಗೆ ಮಲಗಿದ್ದ. ಅವ್ವಿ ಗದ್ದೆಯಲ್ಲಿ, ಅಜ್ಜಿ ನೆರೆಮನೆಯಲ್ಲಿ, ಮಾಸ್ತಿ ಶಾಲೆಯಲ್ಲಿ. ಹೇಂಟೆ ಕಾವಿನಿಂದ ಎದ್ದು ಅಂಗಳದಲ್ಲಿ ಅವಸರವಸರವಾಗಿ ಕಾಳು ಹೆಕ್ಕುತ್ತಿತ್ತು. ಮೂಲೆಯ ಬುಟ್ಟಿಯಲ್ಲಿ ಮಾಸ್ತಿಯ ಹನ್ನೊಂದು ಮೊಟ್ಟೆ.

ನಾನು ಅವನ್ನು ತಂದು ಮಡಕೆಗೆ ಬಿಟ್ಟೆ. ಯಾಕೆ ಎಂದು ಈಗ ಕೇಳಿದರೆ ಎರಡು ಉತ್ತರ ಇವೆ. ಇನ್ನು ಮುಂದೆ ಮನೆಯ ಯಾವ ಮೊಟ್ಟೆಯನ್ನೂ ನೋಡದೆ ಬಿಡುವುದಿಲ್ಲ ಎಂಬ ಹಟ ಒಂದು. ತಂಗಿ ಇಟ್ಟದ್ದು ಕೆಟ್ಟಿರಲಿ ಎಂಬ ಆಸೆ ಇನ್ನೊಂದು. ಬಹಳ ವರ್ಷ ನಾನು ಮೊದಲನೆಯದನ್ನು ಮಾತ್ರ ಹೇಳಿಕೊಂಡೆ. ಹನ್ನೊಂದೂ ತೇಲಿದವು. ಅಷ್ಟೇ ಅಲ್ಲ, ನೀರು ಪೂರ್ತಿ ನಿಂತ ಮೇಲೂ ಕೆಲವು ಅಲುಗಾಡುತ್ತಿದ್ದವು. ಯಾರೋ ಒಳಗಿನಿಂದ ಮೊಣಕೈಯಲ್ಲಿ ತಿವಿದ ಹಾಗೆ ಸಣ್ಣಗೆ ಕುಲುಕಿ, ಸುಮ್ಮನಾಗಿ, ಮತ್ತೆ ಕುಲುಕುತ್ತಿದ್ದವು. ಲೆಕ್ಕ ಮಾಡಿದೆ. ಒಂಬತ್ತು ಕುಲುಕುತ್ತಿದ್ದವು, ಎರಡು ಸುಮ್ಮನಿದ್ದವು. ಒಳಗೆ ಕೊಳೆತು ಹುದುಗು ಬಂದಿರಬೇಕು ಎಂದುಕೊಂಡೆ. ಸ್ವಲ್ಪ ಹೆದರಿಕೆಯೂ ಆಯಿತು. ಬುಟ್ಟಿಗೆ ತುಂಬಿ, ದನದ ಕೊಟ್ಟಿಗೆಯ ಹಿಂದಿನ ಗೊಬ್ಬರಗುಂಡಿಗೆ ಒಯ್ದು, ತರಗೆಲೆಯ ಮೇಲೆ ಸುರಿದು ಬಂದೆ. ಒಡೆದ ಸದ್ದು ಕೇಳಲಿಲ್ಲ.

ಹೇಂಟೆ ಬಂದು ಖಾಲಿ ಉಮಿ ಕಂಡು ಕೂಗತೊಡಗಿತು. ಆ ಕೂಗಿಗೆ ಅಜ್ಜಿ ನೆರೆಮನೆಯಿಂದ ಎದ್ದು ಬಂದಳು.

“ಎಂತ ಆತೇ? ಹಾವು ಬಂತಾ?”

“ಮೊಟ್ಟೆ ಎಲ್ಲ ಕೆಟ್ಟಿದ್ವು ಅಜ್ಜೀ. ನೀರಿಗೆ ಬಿಟ್ಟು ನೋಡ್ದೆ. ಹನ್ನೊಂದೂ ತೇಲಿದ್ವು. ಗುಂಡಿಗೆ ಹಾಕಿ ಬಂದೆ.”

ಅಜ್ಜಿ ಗೋಡೆ ಹಿಡಿದು ನಿಂತಳು.

“ಅಯ್ಯೋ ಮಗಾ, ಕಾವಿನ ಮೊಟ್ಟೆ ತೇಲೂದೇ. ತಿಂಬ ಮೊಟ್ಟೆ ಲೆಕ್ಕ ಬೇರೆ, ಕಾವಿನ ಮೊಟ್ಟೆ ಲೆಕ್ಕ ಬೇರೆ. ತೇಲಿ ಅಲುಗಾಡಿದ್ರೆ ಒಳಗೆ ಮರಿಗೆ ಜೀವ ಇದೆ ಅಂತ. ಸುಮ್ನೆ ತೇಲಿದ್ರೆ ಸತ್ತದ್ದು. ನಾಳೆ ನಾಡಿದ್ದು ನಾನೇ ಉಗುರುಬೆಚ್ಚಗಿನ ನೀರಲ್ಲಿ ಬಿಟ್ಟು ನೋಡೂಳಿದ್ದೆ.” ಅವಳು ನನ್ನ ಮುಖ ನೋಡಿದಳು. “ಅಲುಗಾಡ್ತಿದ್ವಾ?”

“ಇಲ್ಲ,” ಎಂದೆ.

“ಒಂದೂ?”

“ಒಂದೂ ಇಲ್ಲ.”

ನನ್ನ ಜೀವನದ ತಪ್ಪು ಅಷ್ಟೇ. ನೀರಿಗೆ ಬಿಟ್ಟದ್ದು ಗೊತ್ತಿಲ್ಲದೆ ಮಾಡಿದ್ದು, ಗುಂಡಿಗೆ ಹಾಕಿದ್ದೂ ಗೊತ್ತಿಲ್ಲದೆ ಮಾಡಿದ್ದು. ‘ಇಲ್ಲ’ ಎಂದದ್ದು ಗೊತ್ತಿದ್ದೇ. ಗುಂಡಿ ಜಗಲಿಯಿಂದ ಮೂವತ್ತು ಹೆಜ್ಜೆ ದೂರವೂ ಇರಲಿಲ್ಲ. ಮೊಟ್ಟೆಗಳು ಇನ್ನೂ ಬೆಚ್ಚಗಿದ್ದವು, ಹೇಂಟೆ ಅಲ್ಲೇ ಕೂಗುತ್ತಿತ್ತು. ಹೌದು ಎಂದಿದ್ದರೆ ಅಜ್ಜಿ ಆ ವಯಸ್ಸಿನಲ್ಲೂ ಓಡುತ್ತಿದ್ದಳು, ನಾನೂ ಓಡುತ್ತಿದ್ದೆ. ಬೆಳಿಗ್ಗೆ ಬೀಬಿಯ ಮುಂದೆ ತಲೆ ತಗ್ಗಿಸಿದ್ದೆ. ಅದೇ ದಿನ ಅಜ್ಜಿಯ ಮುಂದೆಯೂ ತಲೆ ತಗ್ಗಿಸುವುದು ನನ್ನಿಂದಾಗಲಿಲ್ಲ. ಅಜ್ಜಿ ಉಸಿರು ಬಿಟ್ಟು ಕೂತಳು. ನಾನು ಪಾತ್ರೆ ತಿಕ್ಕುವ ನೆಪದಲ್ಲಿ ಬಾವಿಕಟ್ಟೆಗೆ ಹೋದೆ. ಕೊಟ್ಟಿಗೆಯ ಮಾಡಿನ ಮೇಲೆ ಮೊದಲು ಒಂದು ಕಾಗೆ ಬಂದು ಕೂತಿತು, ಆಮೇಲೆ ಮೂರು, ಆಮೇಲೆ ನಾನು ನೋಡಲಿಲ್ಲ.

ಸಂಜೆ ಮಾಸ್ತಿ ಬಂದು ಮೊದಲು ಬುಟ್ಟಿಯ ಹತ್ತಿರ ಓಡಿದಳು. ವಿಷಯ ತಿಳಿದು ಅಳಲಿಲ್ಲ. ನನ್ನ ಹತ್ತಿರ ಬಂದು ಲಂಗದ ತುದಿ ತಿರುಚುತ್ತ ನಿಂತಳು.

“ಅಕ್ಕಾ, ಬೆಳಿಗ್ಗೆ ನಾ ಒಂದನ್ನ ಕಿವಿ ಹತ್ರ ಹಿಡಿದಿದ್ದೆ. ಒಳಗೆ ಕುಟ್ತಿತ್ತು.”

“ಅದು ನಿನ್ನ ಕಿವಿಯೊಳಗಿನ ಸದ್ದು,” ಎಂದೆ.

ಅವಳು ಎರಡೂ ಕಿವಿಯನ್ನು ಕೈಯಲ್ಲಿ ಮುಚ್ಚಿ, ಬಿಟ್ಟು, ಮತ್ತೆ ಮುಚ್ಚಿ ನೋಡಿದಳು. ಆಮೇಲೆ ತಲೆ ಆಡಿಸಿದಳು. ನಂಬಿದಳು. ಒಂಬತ್ತು ವರ್ಷದವಳು, ಅಕ್ಕನನ್ನು ನಂಬದೆ ಇನ್ನಾರನ್ನು ನಂಬಬೇಕು?

ಮನೆಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ನಮ್ಮವರು ಬೈಯುವವರಲ್ಲ. ಅಜ್ಜಿ ಅವಳನ್ನು ಹತ್ತಿರ ಕೂರಿಸಿಕೊಂಡು ತಲೆ ಬಾಚುತ್ತ ಹೇಳಿದ್ದು ಇಷ್ಟೇ:

“ಎಲ್ಲರ ಕೈಲೂ ಎಲ್ಲ ಆಗೂದಿಲ್ಲ ಮಗಾ. ನೀ ನೀರು ಹಾಕು. ಇಡೂದು ನೆಡೂದು ಅಕ್ಕ ಮಾಡ್ಲಿ.”

ಅಷ್ಟು ಮೆತ್ತಗೆ ಹೇಳಿದ ಮಾತು ಅಷ್ಟು ಗಟ್ಟಿಯಾಗಿ ನಿಲ್ಲುತ್ತದೆಂದು ಅಜ್ಜಿಗೂ ತಿಳಿದಿರಲಿಕ್ಕಿಲ್ಲ. ಮುಂದಿನ ಹೇಂಟೆಗೆ ನಾನು ಇಟ್ಟೆ. ಐದು ಮರಿ ಆದವು. ಒಮ್ಮೆ ಏಳು ಆದವು. ನಾಗಿಯ ಕೈ ಒಳ್ಳೆಯದು ಎಂದು ಹೆಸರಾಯಿತು. ಮಳೆಗಾಲದ ಮೊದಲ ಹರಿವೆ ಬೀಜ ನನ್ನ ಕೈಯಿಂದ, ಸಸಿ ನೆಡುವ ದಿನ ಮೊದಲ ಹಿಡಿ ನನ್ನ ಕೈಯಿಂದ, ಉಪ್ಪಿನಕಾಯಿಯ ಭರಣಿಗೆ ಮೊದಲ ಉಪ್ಪು ನನ್ನ ಕೈಯಿಂದ. ಮಾಸ್ತಿಯನ್ನು ಯಾರೂ ಹಿಂದೆ ಸರಿ ಎನ್ನುವ ಮೊದಲೇ ಅವಳೇ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ‘ಅಕ್ಕ ಹಾಕ್ಲಿ’ ಎನ್ನುವುದು ಅವಳ ಮಾತೇ ಆಗಿಹೋಯಿತು. ಗೋಡೆಯ ಮೇಲಿನ ಹತ್ತೊಂಬತ್ತು ಗೆರೆಗಳನ್ನು ದೀಪಾವಳಿಗೆ ಅವ್ವಿ ಸುಣ್ಣ ಹಚ್ಚುವವರೆಗೂ ನಾನು ದಿನವೂ ದಾಟಿ ಓಡಾಡಿದೆ. ಹೇಳಲು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಅಜ್ಜಿ ಹೋಗುವ ಮೊದಲು ಹೇಳಬೇಕೆಂದಿದ್ದೆ, ಅಜ್ಜಿ ಹೋದಳು. ಮಾಸ್ತಿಯ ಮದುವೆಗೆ ಮೊದಲು ಹೇಳಬೇಕೆಂದಿದ್ದೆ, ಅವಳು ಕುಮಟಾದ ಕಡೆ ಸಂತೆಗುಳಿಗೆ ಸೊಸೆಯಾಗಿ ಹೋದಳು. ನಾನು ಹೊನ್ನಾವರಕ್ಕೆ ಬಂದೆ. ಒಂದು ಕೋಳಿಯ ವಿಷಯ, ಅವಳಿಗೆ ಮರೆತೇ ಹೋಗಿರಬೇಕು ಎಂದು ಸಮಾಧಾನ ಹೇಳಿಕೊಳ್ಳುವುದನ್ನೂ ಕಲಿತೆ.

ಮರೆತಿಲ್ಲವೆಂದು ಗೊತ್ತಾದದ್ದು ಈ ವರ್ಷ. ಮಾಸ್ತಿಯ ಮೊಮ್ಮಗಳಿಗೆ ಮೊದಲ ಅನ್ನ ಉಣಿಸುವ ದಿನವೆಂದು ಬಸ್ಸು ಹತ್ತಿ ಸಂತೆಗುಳಿಗೆ ಹೋಗಿದ್ದೆ. ಬಾಳೆಲೆಯ ಮೇಲೆ ತುಪ್ಪ ಹಾಕಿದ ಅನ್ನ. ಸೊಸೆ ಸವಿತಾ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕರೆದಳು.

“ಅತ್ತೆ ಬನ್ನಿ, ಮೊದಲ ತುತ್ತು ನೀವು ಕೊಡಿ.”

ಮಾಸ್ತಿ ಎರಡು ಹೆಜ್ಜೆ ಹಿಂದೆ ಸರಿದಳು. ಅದೇ ಎರಡು ಹೆಜ್ಜೆ.

“ನನ್ನ ಕೈ ಬೇಡ. ಅಕ್ಕ ಕೊಡ್ಲಿ, ಅವಳ ಕೈ ಒಳ್ಳೇದು.”

ಎಲ್ಲರೂ ಅದನ್ನು ತಂಗಿಯ ಮರ್ಯಾದೆ ಎಂದುಕೊಂಡರು. ನಾನು ಆ ಮಗುವಿನ ಬಾಯಿಗೆ ಅನ್ನ ಇಟ್ಟೆ. ಅದು ನನ್ನ ಬೆರಳು ಕಚ್ಚಿ ನಕ್ಕಿತು.

ಮಧ್ಯಾಹ್ನ ನೆಂಟರು ಹೋದ ಮೇಲೆ ನಾವಿಬ್ಬರೂ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆವು. ಸವಿತಾ ಬುಟ್ಟಿಯಲ್ಲಿ ಮೊಟ್ಟೆ ತಂದು ಮುಂದಿಟ್ಟಳು.

“ದೊಡ್ಡತ್ತೆ, ಹೇಂಟೆ ಎರಡು ದಿನದಿಂದ ಕಾವಿಗೆ ಬಂದಿದೆ. ನೀವು ಬಂದಾಗ ನಿಮ್ಮ ಕೈಲೇ ಇಡಿಸಬೇಕು ಅಂತ ಅತ್ತೆ ಕಾಯ್ತಿದ್ರು.”

ಸವಿತಾ ಮಗುವಿನ ಅಳು ಕೇಳಿ ಒಳಗೆ ಹೋದಳು. ನಾನು ಬುಟ್ಟಿ ಮುಟ್ಟಲಿಲ್ಲ. ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ.

“ಮಾಸ್ತೀ, ಆ ಹನ್ನೊಂದು ಮೊಟ್ಟೆ ಕೆಟ್ಟಿರ್ಲಿಲ್ಲ. ಅಲುಗಾಡ್ತಿದ್ವು. ನಾನು ನೋಡಿದ್ದೆ. ಅಜ್ಜಿ ಕೇಳಿದಾಗ ಇಲ್ಲ ಅಂದೆ.”

ಯಾವ ಹನ್ನೊಂದು ಎಂದು ಅವಳು ಕೇಳಲಿಲ್ಲ. ಕೈಯಲ್ಲಿದ್ದ ಬೂದಿಯನ್ನು ಹಾಗೇ ಹಿಡಿದು ಕೂತಳು. ನಲ್ಲಿಯ ನೀರು ತಟ್ಟೆ ತುಂಬಿ ಹೊರಗೆ ಹರಿಯುತ್ತಿತ್ತು, ಇಬ್ಬರೂ ನಿಲ್ಲಿಸಲಿಲ್ಲ.

“ಎಷ್ಟು ಅಲುಗಾಡ್ತಿದ್ವು?” ಎಂದಳು ಕೊನೆಗೆ.

“ಒಂಬತ್ತು.”

“ಸರಿಯಾಗಿ ಹೇಳು.”

“ಒಂಬತ್ತು. ಎರಡು ಸುಮ್ನಿದ್ವು. ಲೆಕ್ಕ ಮಾಡಿದ್ದೆ.”

“ಅಜ್ಜಿಗೇ ಎಂಟರ ಮೇಲೆ ಆಗಿರ್ಲಿಲ್ಲ,” ಎಂದಳು. ನನಗೆ ಹೇಳಿದ್ದಲ್ಲ ಅದು. ಅವಳ ಮುಖದಲ್ಲಿ ಒಂದು ಕ್ಷಣ ಒಂಬತ್ತು ವರ್ಷದ ಹುಡುಗಿ ಬಂದು ನಿಂತು ಹೋದಳು. ಆಮೇಲೆ ಅವಳ ದನಿ ಬದಲಾಯಿತು. “ನನ್ನ ಮಗನಿಗೂ ಮೊದಲ ತುತ್ತು ನಾ ಕೊಡ್ಲಿಲ್ಲ ಅಕ್ಕಾ. ಅತ್ತೆ ಕೊಡು ಕೊಡು ಅಂದ್ರು. ಹೆದರಿಕೆ ಆತು. ಇಲ್ಲಿ ಇಷ್ಟು ಗದ್ದೆ ಇತ್ತು, ಹಿತ್ತಲು ಇತ್ತು. ಒಂದು ಬೆಂಡೆ ಬೀಜ ನನ್ನ ಕೈಯಿಂದ ಹಾಕ್ಲಿಲ್ಲ. ಆಳಿನ ಹತ್ರ ಹಾಕ್ಸಿದೆ, ಸೊಸೆ ಹತ್ರ ಹಾಕ್ಸಿದೆ. ನೀನು ಬಂದು ಬಂದು ಹಾಕಿ ಹೋದೆ. ಬಾಯಿ ಮುಚ್ಕಂಡು ಹಾಕಿ ಹೋದೆ ಅಲ್ಲ?”

“ಹೌದು.”

“ಎಂತಕ್ಕೆ?”

ಬೀಬಿಯ ಮನೆಯ ಮಾತು, ಶಾಲೆ ಬಿಟ್ಟ ಮಾತು ಎಲ್ಲ ನಾಲಿಗೆಯ ತುದಿಗೆ ಬಂದವು. ಹೇಳಿದರೆ ನನ್ನ ಪಾಲಿನ ತಪ್ಪನ್ನು ಕಡಿಮೆ ಮಾಡಿಕೊಂಡ ಹಾಗೆ. ತೊಳೆದ ತಟ್ಟೆಯನ್ನೇ ಮತ್ತೆ ತಿಕ್ಕಿದೆ. ಅವಳು ಎದ್ದು ನಲ್ಲಿ ನಿಲ್ಲಿಸಿದಳು. ಕೈ ತೊಳೆದಳು. ಒಳಗೆ ಹೋಗಿ ಅರಿಶಿನದ ಡಬ್ಬಿ ತಂದು ಮತ್ತೆ ತೊಳೆದಳು. ಒಂದು ಪಾತ್ರೆಗೆ ನೀರು ಹಿಡಿದು, ಅಲೆ ನಿಲ್ಲುವವರೆಗೆ ಕಾದು, ಮೊಟ್ಟೆ ಬಿಡತೊಡಗಿದಳು. ಮಲಗಿದವನ್ನು ಒಂದು ಕಡೆ ಇಟ್ಟಳು, ನಿಂತ ಮೂರನ್ನು ಅಡುಗೆಗೆಂದು ಬೇರೆ ಮಾಡಿದಳು. ನೋಡಿ ಕೊಡುವ ಅಭ್ಯಾಸದಿಂದ ನಾನು ಕೈ ಮುಂದೆ ಚಾಚಿದೆ.

“ನೀ ಮುಟ್ಬೇಡ,” ಎಂದಳು. “ದೂರ ಕೂತ್ಕ.”

ದೂರ ಕೂತೆ. ಅವಳು ಕೊಟ್ಟಿಗೆಯ ಮೂಲೆಯಲ್ಲಿ ಉಮಿ ಹಾಸಿ, ಮೊಳೆ ಹುಗಿದು, ಬುಟ್ಟಿಯ ಮುಂದೆ ಬಗ್ಗಿದಳು. ಮೊದಲ ಮೊಟ್ಟೆ ಹಿಡಿದು ಎಷ್ಟೋ ಹೊತ್ತು ಇಡಲಾರದೆ ಇದ್ದಳು. ಆಗ ನನಗೆ ತಡೆಯಲಾಗಲಿಲ್ಲ. ತಪ್ಪಾಯಿತು ಮಾಸ್ತಿ ಎನ್ನಲು ಬಾಯಿ ತೆರೆದೆ. ಅವಳು ತಿರುಗಿ ನೋಡದೆ ಇನ್ನೊಂದು ಕೈಯನ್ನು ಎತ್ತಿ ನನ್ನನ್ನು ತಡೆದಳು. ಇಡುವವರನ್ನು ಮಾತಾಡಿಸಬಾರದು. ನಾನು ಬಾಯಿ ಮುಚ್ಚಿದೆ. ಅವಳು ಮೊಟ್ಟೆಯನ್ನು ಉಮಿಯ ಮೇಲೆ ಇಟ್ಟಳು. ತುಟಿ ಬಿಗಿಹಿಡಿದು, ಮುಖವೆಲ್ಲ ಕೆಂಪು ಮಾಡಿಕೊಂಡು, ಹನ್ನೊಂದನ್ನೂ ಇಟ್ಟಳು.

ಸಂಜೆಯ ಬಸ್ಸಿಗೆ ಹೊರಟಾಗ ಬಾಗಿಲವರೆಗೆ ಬಂದಳು, ರಸ್ತೆಯವರೆಗೆ ಬರಲಿಲ್ಲ. ಮತ್ತೆ ಬಾ ಎನ್ನಲಿಲ್ಲ. ಬರಬೇಡ ಎಂದೂ ಅನ್ನಲಿಲ್ಲ. ನಾನು ಹೊನ್ನಾವರಕ್ಕೆ ಬಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆಯತೊಡಗಿದೆ. ಒಂದೂ ಮರಿ ಆಗದೆ ಹೋದರೆ ಏನು ಮಾಡಲಿ ಎಂಬ ಹೆದರಿಕೆಯಲ್ಲಿ ದಿನ ಹೋದವು. ಅವಳಾಗಿ ಫೋನು ಮಾಡಲಿಲ್ಲ, ಮಾಡಲು ನನಗೆ ಧೈರ್ಯ ಬರಲಿಲ್ಲ.

ಇವತ್ತು ಹತ್ತೊಂಬತ್ತನೆಯ ಗೆರೆ. ಹತ್ತು ಗಂಟೆಗೆ ಫೋನು ಬಂತು.

“ಉಗುರುಬೆಚ್ಚಗಿನ ನೀರಲ್ಲಿ ಬಿಟ್ಟು ನೋಡ್ದೆ,” ಎಂದಳು ಮಾಸ್ತಿ.

“ಅಲುಗಾಡ್ತಿದ್ವಾ?”

“ಹೂಂ.”

“ಎಷ್ಟು?”

“ನಿನಗೆ ಎಂತಕ್ಕೆ ಲೆಕ್ಕ?” ಎಂದಳು. ಆದರೆ ಫೋನು ಇಡಲು ಮರೆತಿದ್ದಳು. ನಾನೂ ಇಡಲಿಲ್ಲ. ಚಪ್ಪಲಿಯ ಸದ್ದು ಹಿತ್ತಲ ಕಡೆಗೆ ಹೋಯಿತು. ಹೇಂಟೆ ಎಲ್ಲೋ ಗುರುಗುಟ್ಟಿತು. ಆಮೇಲೆ ಅವಳ ದನಿ ಕೇಳಿತು, ದೂರದಿಂದ, ಜೋರಾಗಿ:

“ಸವಿತಾ, ಆ ಬೆಂಡೆ ಬೀಜದ ಕಟ್ಟು ಎಲ್ಲಿಟ್ಟೇ? ಕೊಡು ಇತ್ಲಾಗೆ. ನಾ ಹಾಕ್ತೆ.”